ಆಕಾಶದಿಂದ ಅಳೆದ ಮಳೆ, ನೆಲದ ಲೆಕ್ಕ

ತಾಲ್ಲೂಕು ಕಚೇರಿಯ ಆವರಣದಲ್ಲಿ ತಂತಿಬೇಲಿಯ ನಡುವೆ ನಿಂತಿರುತ್ತಿದ್ದ ಮಳೆಮಾಪಕವನ್ನು ನನ್ನ ಪೀಳಿಗೆಯ ಅಧಿಕಾರಿಗಳು ಮರೆಯಲಾರರು. ಬೆಳಿಗ್ಗೆ 8.30ಕ್ಕೆ ಅದರ ನೀರನ್ನಳೆದು ಬರೆದ ಅಂಕಿಯೇ ಸುತ್ತಲ ಹಳ್ಳಿಗಳಿಗೆಲ್ಲ ಮಳೆ. ಐದು ಮೈಲಿ ಆಚೆ ಪೈರು ಕೊಚ್ಚಿಹೋಗಿದ್ದರೂ ಮಾಪಕ ಒಣಗಿದ್ದರೆ ಕಡತದಲ್ಲಿ ಅಂದು ಮಳೆಯಿಲ್ಲ. ಪರಿಹಾರದ ಪ್ರಸ್ತಾವಗಳಿಗೆ ಸಹಿ ಹಾಕುವಾಗ, ಒಂದು ಡಬ್ಬಿಯ ಮೇಲೆ ಎಷ್ಟೊಂದು ಸಂಸಾರಗಳ ಭಾರ ಹೊರಿಸಿದ್ದೇವೆಂಬ ಅಳುಕು ನನ್ನನ್ನು ಕಾಡಿದ್ದುಂಟು.

ಸಾಗರದ ಮೇಲಂತೂ ಮಾಪಕಗಳನ್ನು ನೆಡುವಂತೆಯೇ ಇಲ್ಲ. ಈ ಕೊರತೆ ನೀಗಲೆಂದು 1997ರ ನವೆಂಬರ್‌ನಲ್ಲಿ ಅಮೆರಿಕ ಮತ್ತು ಜಪಾನ್ ಹಾರಿಸಿದ ಟಿಆರ್‌ಎಂಎಂ ಉಪಗ್ರಹ, ಮಳೆ ಅಳೆಯುವ ರಾಡಾರನ್ನು ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಒಯ್ದಿತು, 2015ರವರೆಗೆ ದುಡಿಯಿತು. 2014ರಲ್ಲಿ ಅದರ ಉತ್ತರಾಧಿಕಾರಿ ಜಿಪಿಎಂ ಬಂತು. ಇಸ್ರೋ ಮತ್ತು ಫ್ರಾನ್ಸ್ 2011ರಲ್ಲಿ ಜಂಟಿಯಾಗಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಕೂಡ ಉಷ್ಣವಲಯದ ಮಳೆಯನ್ನು ಗಮನಿಸಿತ್ತು. 2023ರ ಮಾರ್ಚ್‌ನಲ್ಲಿ ಅದನ್ನು ಪೆಸಿಫಿಕ್ ಸಾಗರದ ಮೇಲೆ ಇಳಿಸಲಾಯಿತು. ಹಲವು ಉಪಗ್ರಹಗಳ ಮಾಹಿತಿಯನ್ನು ಬೆಸೆದು, ಸುಮಾರು 10 ಕಿ.ಮೀ. ಚೌಕಗಳಲ್ಲಿ, ಅರ್ಧ ಗಂಟೆಗೊಂದರಂತೆ ಇಂದು ಜಗತ್ತಿನ ಮಳೆಯ ನಕ್ಷೆ ಸಿದ್ಧವಾಗುತ್ತದೆ.

ಇಷ್ಟಾದರೂ ಮಲೆನಾಡಿನ ವಿಚಾರದಲ್ಲಿ ಎಚ್ಚರ ಬೇಕು. ರಾಡಾರ್ ಹನಿಗಳಿಂದ ಮರಳುವ ಪ್ರತಿಧ್ವನಿಯನ್ನು ಅಳೆಯುತ್ತದೆ. ಆದರೆ ಅದರ ದೃಷ್ಟಿ ಬೀಳುವ ಪಟ್ಟಿ ಕಿರಿದು. ಬಹುಪಾಲು ಮಾಹಿತಿ ಬರುವುದು ಮೈಕ್ರೋವೇವ್ ಸಂವೇದಕಗಳಿಂದ. ಈ ತರಂಗಗಳಿಗೆ ಸಮುದ್ರ ಮಂಕಾಗಿ ಕಾಣುವುದರಿಂದ ಮಳೆ ಎದ್ದು ತೋರುತ್ತದೆ. ನೆಲವೇ ಪ್ರಖರವಾಗಿರುವಲ್ಲಿ, ಮೋಡದ ಮೇಲ್ಪದರದ ಹಿಮಕಣಗಳಿಂದ ಮಳೆಯನ್ನು ಊಹಿಸಬೇಕು. ಪಶ್ಚಿಮ ಘಟ್ಟಗಳಿಗೆ ತಾಗಿ ಸುರಿಯುವ ಮುಂಗಾರು ಮೋಡಗಳು ಹಲವು ವೇಳೆ ತಗ್ಗಿನವು. ಹಿಮವಿಲ್ಲದೆಯೂ ಧಾರಾಕಾರ ಸುರಿಸುತ್ತವೆ. ಉಪಗ್ರಹ ಅದನ್ನು ಕಡಿಮೆಯೆಂದು ಎಣಿಸುತ್ತದೆ.

ಅಡಿಕೆಗೆ ಕೊಳೆರೋಗ ತಗಲುವುದು ಇಂಥ ಮಳೆಯಲ್ಲೇ. ರಾಜ್ಯದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಗ್ರಾಮ ಪಂಚಾಯಿತಿಯ ಮಾಪಕದ ಅಂಕಿಯಿಂದ. ಮಾಪಕ ಕೆಟ್ಟರೆ ಉಪಗ್ರಹದ ಅಂಕಿ ತುಂಬಿದರಾಯಿತೆನ್ನುವುದು ಕಚೇರಿಗೆ ಸುಲಭದ ದಾರಿ. ಬೆಳೆಗಾರನಿಗೆ ನಷ್ಟದ ದಾರಿ. 10 ಕಿ.ಮೀ. ಚೌಕವೆಂದರೆ 100 ಚದರ ಕಿ.ಮೀ. ಆ ಸರಾಸರಿಯೊಳಗೆ ಘಟ್ಟದ ನೆತ್ತಿ, ಮಳೆನೆರಳಿನ ಇಳಿಜಾರು ಎರಡೂ ಅಡಗಬಲ್ಲವು. ಸರಾಸರಿಯನ್ನು ನಂಬಿ ಕೆಟ್ಟವರ ಕಥೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಹೊಸದಲ್ಲ.

ಚಂಡಮಾರುತಕ್ಕೆ, ನೆರೆಯ ಮುನ್ಸೂಚನೆಗೆ ಉಪಗ್ರಹ ಬೇಕೇ ಬೇಕು. ಆದರೆ ಮಾಪಕಗಳ ದುರಸ್ತಿಗೆ ಹಣ ಕಡಿತ ಮಾಡಲು ಅದು ನೆಪವಾಗಬಾರದು. ಜಿಪಿಎಂ ನಕ್ಷೆಯ ಅಂತಿಮ ಆವೃತ್ತಿಯನ್ನೂ ನೆಲದ ಮಾಪಕಗಳ ಲೆಕ್ಕಕ್ಕೆ ತಾಳೆಹಾಕಿ ತಿದ್ದಿಯೇ ಹೊರತರುತ್ತಾರೆ. ಅದಕ್ಕೆ ಹಿಡಿಯುವುದು ಮೂರು ತಿಂಗಳಿಗೂ ಹೆಚ್ಚು ಕಾಲ.