ಮಾನಿಟರ್ ಕೊಳ್ಳೋ ಮೊದಲು ಸಿಪಿಯು ಒಳಗೆ ಇಣುಕಿ!

"ಅಮ್ಮಾ, ಗೇಮಿಂಗ್ ಮಾನಿಟರ್ ಕೊಡಿಸ್ತೀಯಾ?" ಪರೀಕ್ಷೆ ಮುಗಿದ ಕೂಡಲೇ ನಿಮ್ಮ ಮನೆಯಲ್ಲೂ ಈ ರಾಗ ಶುರುವಾಗಿರಬೇಕಲ್ಲ? ಹಾಗಾದರೆ ನಾನು ಮಾಡಿದ ಎಡವಟ್ಟನ್ನು ಸ್ವಲ್ಪ ಕೇಳಿಸಿಕೊಳ್ಳಿ.

ಮಗ ಪಿಯುಸಿ ಪಾಸಾದ. ಕಾಫಿ ಮಾರಿದ ದುಡ್ಡು ಆಗಷ್ಟೇ ಕೈಗೆ ಬಂದಿತ್ತು. ಆಲ್ದೂರಿನಿಂದ ಚಿಕ್ಕಮಗಳೂರಿಗೆ ಹೋಗಿ, ಅಂಗಡಿಯವರು "ಇದೇ ಬೆಸ್ಟ್ ಮೇಡಂ" ಅಂದ 27 ಇಂಚಿನ 4ಕೆ ಮಾನಿಟರ್ ಹೊತ್ತು ತಂದೆವು. ಆಟ ಹಾಕಿದರೆ ಚಿತ್ರ ತಡವರಿಸಿ ತಡವರಿಸಿ ನಿಲ್ಲುತ್ತಿತ್ತು. ತಪ್ಪು ಮಾನಿಟರಿನದ್ದಲ್ಲ. ನಮ್ಮ ಕಂಪ್ಯೂಟರಿನಲ್ಲಿದ್ದದ್ದು ಜಿಟಿಎಕ್ಸ್ 1650 ಎಂಬ ಸಾಧಾರಣ ಗ್ರಾಫಿಕ್ಸ್ ಕಾರ್ಡ್. ಸಣ್ಣ ಒಲೆಯ ಮೇಲೆ ಮದುವೆಮನೆ ಹಂಡೆ ಇಟ್ಟ ಹಾಗಾಯಿತು!

ಕಾರ್ಡ್ ಯಾವುದು ನೋಡಿ

ಕೀಬೋರ್ಡಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. 'ಪರ್ಫಾರ್ಮೆನ್ಸ್'ನಲ್ಲಿ 'ಜಿಪಿಯು' ಒತ್ತಿದರೆ ಕಾರ್ಡಿನ ಹೆಸರು ಕಾಣುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ.

ಚುಕ್ಕಿಗಳ ಲೆಕ್ಕ

ಪರದೆಯ ಚಿತ್ರವೆಂದರೆ ಚುಕ್ಕಿ ರಂಗೋಲಿ ಇದ್ದಂತೆ. ಫುಲ್ ಎಚ್‌ಡಿ (1080) ಪರದೆಯಲ್ಲಿ ಸುಮಾರು 21 ಲಕ್ಷ ಚುಕ್ಕಿ, 1440ರಲ್ಲಿ 37 ಲಕ್ಷ, 4ಕೆಯಲ್ಲಿ 83 ಲಕ್ಷ. ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಕೆಲಸ. ಪ್ರತಿ ಚಿತ್ರಕ್ಕೂ ಇಷ್ಟು ಚುಕ್ಕಿ ತುಂಬಬೇಕಾದದ್ದು ಆ ಪುಟ್ಟ ಕಾರ್ಡೇ. ನಮ್ಮಂಥ ಕಾರ್ಡಿಗೆ 24 ಇಂಚಿನ ಫುಲ್ ಎಚ್‌ಡಿ ಸಾಕೋ ಸಾಕು. ಆರ್‌ಟಿಎಕ್ಸ್ 3060ರಂಥ ಮಧ್ಯಮ ಕಾರ್ಡಿದ್ದರೆ 27 ಇಂಚಿನ 1440 ನೋಡಬಹುದು. 4ಕೆ ಏನಿದ್ದರೂ ದುಬಾರಿ ಕಾರ್ಡಿನವರಿಗೆ.

ಹರ್ಟ್ಸ್ ಅಂದರೆ?

ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಅನ್ನೋ ಲೆಕ್ಕ. ಕಾರ್ಡ್ 40 ಚಿತ್ರ ಬಿಡಿಸುವಾಗ 144 ಹರ್ಟ್ಸ್ ಮಾನಿಟರ್ ತಂದರೂ ಸಿಗೋದು ಆ ನಲವತ್ತೇ. ಕಾರ್ಡ್ 120 ಬಿಡಿಸಿದರೂ ಹಳೇ 60 ಹರ್ಟ್ಸ್ ಪರದೆ ಅರವತ್ತಕ್ಕಿಂತ ಹೆಚ್ಚು ತೋರಿಸದು. ಹಾಗಾಗಿ ಮಗ ಆಡೋ ಆಟದಲ್ಲಿ ಈಗ ಎಷ್ಟು 'ಎಫ್‌ಪಿಎಸ್' ಬರ್ತಿದೆ ಅಂತ ಅವನನ್ನೇ ಕೇಳಿ.

ಇವನ್ನೂ ಮರೀಬೇಡಿ

* 'ಫ್ರೀಸಿಂಕ್' ಇದ್ದರೆ ಕಾರ್ಡಿನ ವೇಗಕ್ಕೆ ಮಾನಿಟರ್ ಹೆಜ್ಜೆ ಹಾಕುತ್ತದೆ, ಚಿತ್ರ ಹರಿದಂತೆ ಕಾಣುವುದಿಲ್ಲ. ಎನ್‌ವಿಡಿಯಾದ ಜಿಟಿಎಕ್ಸ್ 10 ಸರಣಿ ಮತ್ತು ನಂತರದ ಕಾರ್ಡುಗಳಿಗೂ 2019ರಿಂದ ಇದನ್ನು ಬಳಸುವ ಸೌಲಭ್ಯ ಬಂದಿದೆ.
* ಕಾರ್ಡಿನ ಹಿಂಭಾಗದ ಫೋಟೋ ತೆಗೆದುಕೊಂಡು ಹೋಗಿ. ಡಿಸ್‌ಪ್ಲೇಪೋರ್ಟ್ ಇದೆಯೋ, ಬರೀ ಎಚ್‌ಡಿಎಂಐ ಇದೆಯೋ ತಿಳಿಯುತ್ತದೆ.
* ಕೇಬಲ್ಲನ್ನು ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿಗಲ್ಲ. ಎಷ್ಟೋ ಮನೆಗಳಲ್ಲಿ ಈ ತಪ್ಪಿನಿಂದ ಕಾರ್ಡ್ ಸುಮ್ಮನೆ ಕೂತಿರುತ್ತದೆ.
* 144 ಹರ್ಟ್ಸ್ ಮಾನಿಟರ್ ತಂದರೂ ವಿಂಡೋಸ್ ಅದನ್ನು 60ರಲ್ಲೇ ಓಡಿಸುತ್ತಿರಬಹುದು. ಸೆಟ್ಟಿಂಗ್ಸ್‌ನ 'ಅಡ್ವಾನ್ಸ್ಡ್ ಡಿಸ್‌ಪ್ಲೇ'ಯಲ್ಲಿ ನೀವೇ ಬದಲಿಸಿ.
* ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ಲ, ಕರೆಂಟು ಹೋಗೋದು ಬರೋದು ಇದ್ದದ್ದೇ. ಯುಪಿಎಸ್‌ಗೂ ಸ್ವಲ್ಪ ದುಡ್ಡು ಎತ್ತಿಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ.

ಅಂಗಡಿಯವರು ಮಾನಿಟರ್ ವಾಪಸ್ ತೆಗೆದುಕೊಳ್ಳಲಿಲ್ಲ. ಆಟದ ರೆಸೊಲ್ಯೂಶನ್ನನ್ನು 1080ಕ್ಕೆ ಇಳಿಸಿದ ಮೇಲೆ ಈಗ ಸರಾಗವಾಗಿ ಓಡುತ್ತಿದೆ. ಆದರೆ ಅಷ್ಟಕ್ಕೆ ಅಷ್ಟೊಂದು ದುಡ್ಡು ಬೇಕಿತ್ತೇ? "ನನಗೂ ಅನುಮಾನ ಇತ್ತಮ್ಮ, ನೀನು ಅಷ್ಟು ಖುಷಿಯಾಗಿದ್ದೆ, ಹೇಳೋಕಾಗಲಿಲ್ಲ" ಅಂದ ಮಗ. ಅದನ್ನು ಕೇಳಿ ದುಡ್ಡಿಗಿಂತ ಹೆಚ್ಚು ಬೇಜಾರಾಯಿತು.

ಸರ್‌ಪ್ರೈಸ್ ಗಿಫ್ಟ್ ಕೊಡೋ ಆಸೆ ನಮಗೆಲ್ಲ ಇದ್ದದ್ದೇ. ಆದರೆ ಈ ಒಂದು ವಿಷಯದಲ್ಲಿ ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಕೇಳಿಯೇ ಕೊಳ್ಳಿ. ದುಡ್ಡೂ ಉಳಿಯುತ್ತೆ, ಅವರ ಮನಸ್ಸೂ ತಿಳಿಯುತ್ತೆ. ಏನಂತೀರಿ?