ಅಂಗಡಿ ಕಂಪ್ಯೂಟರ್ ಆನ್ ಆಗ್ತಿಲ್ವಾ? ಫಾರ್ಮ್ಯಾಟ್‌ಗೆ ಕೊಡುವ ಮುನ್ನ ಇಷ್ಟು ನೋಡಿ

ಬಿಲ್ಲಿಂಗ್ ಕಂಪ್ಯೂಟರ್ ಕೈಕೊಟ್ಟರೆ ಲೆಕ್ಕವೆಲ್ಲ ಹೋಯ್ತು ಅಂತ ಗಾಬರಿ ಬೇಡ. ಲೆಕ್ಕ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ಕೆಟ್ಟಿರುವುದು ಬೇರೆ ಭಾಗವಿರಬಹುದು.

ಲೈಟ್, ಫ್ಯಾನ್ ಎರಡೂ ಇಲ್ಲವೇ? ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಹಾಕಿ ನೋಡಿ. ಆಗಲೂ ಆಗದಿದ್ದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಅದರ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಹುದು.

ಫ್ಯಾನ್ ತಿರುಗಿ, ಬೀಪ್ ಬಂದು, ಪರದೆ ಕಪ್ಪಗಿದೆಯೇ? ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆತ್ತಗೆ ಒರೆಸಿ ಮತ್ತೆ ಕೂರಿಸಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಬೂಟ್ ಡಿವೈಸ್ ಸಿಗುತ್ತಿಲ್ಲ ಎಂದು ಬಂದರೆ ಡಿಸ್ಕ್ ಕೇಬಲ್ ನೋಡಿ. ಡಿಸ್ಕ್ ಟಕ್ ಟಕ್ ಅಂದ್ರೆ ಪದೇ ಪದೇ ಆನ್ ಮಾಡಬೇಡಿ.

ರಿಪೇರಿಯವರು ಫಾರ್ಮ್ಯಾಟ್ ಅಂದ್ರೆ, ಮೊದಲು ಡೇಟಾ ಕಾಪಿ ಮಾಡಿಸಿಕೊಳ್ಳಿ.