ಮಾವನಲ್ಲಕ್ಕೆ ಬರುವ ಹಣದ ದಾರಿ

ಉದಕಮಂಡಲದಿಂದ ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಇಳಿದು ಸೀಗೂರು ಪ್ರಸ್ಥಭೂಮಿಯನ್ನು ಸೇರಿದ ಪ್ರಯಾಣಿಕನಿಗೆ, ನೀಲಗಿರಿಯೆಂದೊಡನೆ ಮನಸ್ಸಿನಲ್ಲಿ ಮೂಡುವ ಚಹದ ತೋಟಗಳೂ ಮಂಜೂ ಶೋಲಾ ಕಾಡುಗಳೂ ಹಿಂದುಳಿದು, ಮಳೆಯ ಮರೆಯಲ್ಲಿ ಬೆಳೆದ ಕುರುಚಲು ಮುಳ್ಳುಗಾಡೊಂದು ಎದುರಾಗುತ್ತದೆ. ಮಸಿನಗುಡಿ, ಬೊಕ್ಕಾಪುರ, ಮಾವನಲ್ಲ ಮೊದಲಾದ ಊರುಗಳಿರುವುದು ಈ ಒಣ ಸೀಮೆಯಲ್ಲಿಯೇ. ಆಡಳಿತದ ಲೆಕ್ಕದಲ್ಲಿ ಇದು ತಮಿಳುನಾಡಿಗೆ ಸೇರಿದ ನೆಲ. ಆದರೆ ಮೋಯಾರ್ ನದಿಯ ಆಚೆಗೆ ಬಂಡೀಪುರದ ಅರಣ್ಯ ಹಬ್ಬಿರುವುದರಿಂದಲೂ, ಕನ್ನಡ, ಬಡಗ, ಇರುಳ, ಕುರುಂಬ, ತಮಿಳು ನುಡಿಗಳು ಇಲ್ಲಿಯ ಬೀದಿಗಳಲ್ಲಿ ಬೆರೆತು ಕೇಳಿಸುವುದರಿಂದಲೂ, ಭೂಪಟದ ಮೇಲೆ ಅಷ್ಟು ಗಾಢವಾಗಿ ಎಳೆದಿರುವ ಗಡಿರೇಖೆ ಇಲ್ಲಿಯ ಬಾಳಿನಲ್ಲಿ ಅಷ್ಟೇ ಗಾಢವಾಗಿ ಕಾಣುವುದಿಲ್ಲ.

ಆನೆಗಳಿಗಂತೂ ಆ ರೇಖೆಯ ಪರಿವೆಯೇ ಇಲ್ಲ. ಪಶ್ಚಿಮಘಟ್ಟಗಳಿಂದ ಪೂರ್ವಘಟ್ಟಗಳಿಗೆ ನಡೆದುಹೋಗುವ ಹಿಂಡುಗಳಿಗೆ ಸೀಗೂರಿನ ಈ ಇಕ್ಕಟ್ಟಾದ ಪಟ್ಟಿಯೇ ದಾರಿ. ಅದನ್ನು ಆನೆಪಥವೆಂದು ತಮಿಳುನಾಡು ಸರಕಾರ 2010ರಲ್ಲಿ ಪ್ರಕಟಿಸಿದುದನ್ನು ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. ದಕ್ಷಿಣ ಭಾರತದಲ್ಲಿ ಉಳಿದಿರುವ ರಣಹದ್ದುಗಳ ಮುಖ್ಯ ನೆಲೆಯೂ ಇದೇ ಮೋಯಾರಿನ ಕಣಿವೆ. ಭಾರತದ ಮೊತ್ತಮೊದಲ ಜೀವಗೋಲ ಮೀಸಲೆಂದು 1986ರಲ್ಲಿ ಘೋಷಿತವಾದ, ಕರ್ನಾಟಕ, ಕೇರಳ, ತಮಿಳುನಾಡುಗಳಿಗೆ ಹರಡಿದ 5,520 ಚದರ ಕಿಲೋಮೀಟರಿನ ನೀಲಗಿರಿ ಪ್ರದೇಶವು 2000ದಲ್ಲಿ ಯುನೆಸ್ಕೋದ ಜಾಗತಿಕ ಜಾಲಕ್ಕೆ ಸೇರಿತು. ಮುದುಮಲೆ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇಷ್ಟು ಗೌರವಗಳು ಸಂದ ನೆಲದ ರಕ್ಷಣೆಗೆ ಲೋಕವೂ ಹಣ ಕೊಡಬೇಕೆಂಬುದು ನ್ಯಾಯವಾದ ಮಾತು, ಕೊಡುತ್ತಲೂ ಇದೆ. ಆ ಹಣ ಯಾರ ಕೈಯಿಂದ ಹೊರಟು, ಯಾರ ಒಪ್ಪಿಗೆಯನ್ನು ಪಡೆದು, ಯಾವ ಯಾವ ಕಚೇರಿಗಳನ್ನು ಹಾದು ಇಲ್ಲಿಗೆ ಬರುತ್ತದೆಂಬುದನ್ನು ಮಾತ್ರ ಈ ಕಾಡಿನ ಅಂಚಿನಲ್ಲಿ ಬಾಳುವವರಿಗೆ ತಿಳಿಯಹೇಳಿದವರು ವಿರಳ.

ಜಗತ್ತಿನ ಹಣದಲ್ಲಿ ಎರಡು ಬಗೆಯುಂಟು. ವ್ಯಾಪಾರದ ಹಣಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬಂಡೀಪುರದ ಅಂಚಿನ ಹಂಗಳದಲ್ಲಿ ವನ್ಯಜೀವಿ ವಿಜ್ಞಾನಿ ಎಂ. ಡಿ. ಮಧುಸೂದನ್ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮಾತಿಗೆ ಒಳ್ಳೆಯ ಸಾಕ್ಷಿ. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಏರಿದಾಗ ತೋಟದ ಮಾಲೀಕರಿಗೆ ಗೊಬ್ಬರದ ಬೇಡಿಕೆ ಹೆಚ್ಚಿತು. ಅದುವರೆಗೆ ಊರಿನ ಹೊಲಕ್ಕೇ ಸಲ್ಲುತ್ತಿದ್ದ ಸಗಣಿ ಲಾರಿಗಳಲ್ಲಿ ಹೊರಗೆ ಹೋಗುವ ಸರಕಾಯಿತು. ಸಗಣಿಗಾಗಿಯೇ ದನಗಳನ್ನು ಸಾಕುವುದು ಲಾಭದಾಯಕವಾಗಿ, ಆ ದನಗಳೆಲ್ಲ ಮೇಯಲು ಕಾಡಿಗೇ ಹೋದುದರಿಂದ ಜಿಂಕೆ ಕಾಟಿಗಳ ಮೇವಿಗೆ ಕುತ್ತು ಬಂದಿತು. ಮಸಿನಗುಡಿಯ ಸುತ್ತಣ ಊರುಗಳಲ್ಲಿಯೂ ದನದ ಸಗಣಿಯ ಮಾರಾಟ ಬಹುಕಾಲದಿಂದ ನಡೆದುಬಂದಿದೆ. ಬ್ರೆಜಿಲ್ಲಿನ ಕಾಫಿ ತೋಟಗಳಿಗೆ ಹಿಮ ಬಡಿದು ಬೆಲೆ ಏರಿದ ಸುದ್ದಿ ಹೀಗೆ ಯಾವ ಸಚಿವಾಲಯದ ಮುದ್ರೆಯೂ ಇಲ್ಲದೆ ನಮ್ಮ ಕಾಡಿನ ಹುಲ್ಲನ್ನು ತಲುಪಬಲ್ಲುದು. ಆ ಹುಲ್ಲನ್ನು ಕಾಪಾಡಲೆಂದು ಕೊಡುವ ಹಣ ಮಾತ್ರ ಬಾಗಿಲಿನಿಂದ ಬಾಗಿಲಿಗೆ ಕಾಯುತ್ತ ಬರಬೇಕು.

ಆ ಬಾಗಿಲುಗಳಲ್ಲಿ ಹಿರಿದಾದುದು ಜಾಗತಿಕ ಪರಿಸರ ಸೌಲಭ್ಯವೆಂಬ ನಿಧಿ. ವಿಶ್ವ ಬ್ಯಾಂಕಿನ ಆಶ್ರಯದಲ್ಲಿ 1991ರಲ್ಲಿ ಪ್ರಯೋಗಾರ್ಥವಾಗಿ ಹುಟ್ಟಿ, ರಿಯೋ ಸಮ್ಮೇಳನದ ತರುವಾಯ 1994ರಲ್ಲಿ ಸ್ವತಂತ್ರ ರೂಪವನ್ನು ತಾಳಿದ ಇದು ಜೀವವೈವಿಧ್ಯ, ಹವಾಮಾನ, ಮರುಭೂಮೀಕರಣ, ವಿಷರಾಸಾಯನಿಕ, ಪಾದರಸಗಳನ್ನು ಕುರಿತ ಒಪ್ಪಂದಗಳಿಗೆ ಹಣಕಾಸಿನ ಆಧಾರ. ನಾಲ್ಕು ವರ್ಷಕ್ಕೊಮ್ಮೆ ದಾತೃದೇಶಗಳು ಇದನ್ನು ತುಂಬುತ್ತವೆ. 2022ರಿಂದ 2026ರವರೆಗಿನ ಅವಧಿಗೆ ಒದಗಿಬಂದ ವಾಗ್ದಾನ 533 ಕೋಟಿ ಡಾಲರು. ಭಾರತವು ಇದರಿಂದ ಪಡೆಯುವ ದೇಶವೂ ಹೌದು, ಇದಕ್ಕೆ ಕೊಡುವ ದೇಶವೂ ಹೌದು. ಈ ಸಂಸ್ಥೆಯ ಪ್ರಥಮ ಮಹಾಸಭೆ 1998ರ ಏಪ್ರಿಲಿನಲ್ಲಿ ಸೇರಿದುದು ದೆಹಲಿಯಲ್ಲಿ. ಪ್ರತಿಯೊಂದು ದೇಶಕ್ಕೂ ಅದರ ಜೀವಸಂಪತ್ತು ಮತ್ತು ಸಾಮರ್ಥ್ಯಗಳನ್ನು ತೂಗಿ ಇಂತಿಷ್ಟು ಪಾಲೆಂದು ನಿಗದಿಮಾಡುವ ಪದ್ಧತಿಯಿದೆಯಾದ ಕಾರಣ, ಹಿಮಾಲಯದ ಹಿಮಚಿರತೆ, ಕರಾವಳಿಯ ಕಾಂಡ್ಲಾ ವನ, ನೀಲಗಿರಿಯ ಆನೆ ಇವೆಲ್ಲವೂ ಭಾರತದ ಒಂದೇ ಪಾಲಿನೊಳಗೆ ಸ್ಥಳವನ್ನು ಹುಡುಕಿಕೊಳ್ಳಬೇಕಾಗುತ್ತದೆ.

ಆ ಸ್ಥಳವನ್ನು ಹಂಚುವುದೇ ರಾಷ್ಟ್ರೀಯ ಸಮನ್ವಯದ ಕೆಲಸ. ಈ ನಿಧಿಗೆ ಸಂಬಂಧಿಸಿದಂತೆ ಭಾರತದಲ್ಲಿ ಇಬ್ಬರು ಅಧಿಕೃತ ಸಂಪರ್ಕಾಧಿಕಾರಿಗಳು. ಹಣಕಾಸು ಸಚಿವಾಲಯದ ಆರ್ಥಿಕ ವ್ಯವಹಾರಗಳ ಇಲಾಖೆಯಲ್ಲಿರುವವರು ನೀತಿ ಮತ್ತು ಪ್ರಾತಿನಿಧ್ಯದ ವಿಷಯವನ್ನು ನೋಡುತ್ತಾರೆ. ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯದಲ್ಲಿರುವವರು ಯೋಜನೆಗಳನ್ನು ಪರಿಶೀಲಿಸುತ್ತಾರೆ. ಎರಡನೆಯವರ ಅನುಮೋದನಾ ಪತ್ರವಿಲ್ಲದೆ ಯಾವ ಪ್ರಸ್ತಾವವೂ ಹೊರಡುವಂತಿಲ್ಲ. ಹೊರಟ ಮೇಲೂ ಹಣ ನೇರವಾಗಿ ಸರಕಾರದ ಕೈಗೆ ಬಾರದೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ವಿಶ್ವ ಬ್ಯಾಂಕ್, ಆಹಾರ ಮತ್ತು ಕೃಷಿ ಸಂಸ್ಥೆ ಮೊದಲಾದ 18 ಅಂಗೀಕೃತ ಸಂಸ್ಥೆಗಳಲ್ಲಿ ಯಾವುದಾದರೊಂದರ ಮೂಲಕವೇ ಬರತಕ್ಕದ್ದು. ಹಸಿರು ಹವಾಮಾನ ನಿಧಿಯೆಂಬ ಇನ್ನೊಂದು ಜಾಗತಿಕ ನಿಧಿಯದು ಬೇರೆ ದಾರಿ: ಅದಕ್ಕೆ ಪರಿಸರ ಸಚಿವಾಲಯದ ನಿರಾಕ್ಷೇಪಣಾ ಪತ್ರ ಬೇಕು, ಮತ್ತು ನಮ್ಮ ನಬಾರ್ಡ್ ಬ್ಯಾಂಕು 2015ರಲ್ಲಿಯೇ ಮಾನ್ಯತೆ ಪಡೆದಿರುವುದರಿಂದ ಹಣವನ್ನು ದೇಶದ ಸಂಸ್ಥೆಯೇ ನೇರವಾಗಿ ತರಬಹುದು. ಜಪಾನಿನ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆಯಾದ ಜೈಕಾ ಕೊಡುವ ಸಾಲದ್ದು ಇನ್ನೊಂದು ದಾರಿ. ಇಷ್ಟೆಲ್ಲ ದಾರಿಗಳಿರುವಾಗ ಒಂದೇ ಕೆಲಸಕ್ಕೆ ಎರಡು ಕಡೆಯಿಂದ ಹಣ ಬಂದು ಇನ್ನೊಂದು ಕೆಲಸ ಬರಿದಾಗಿ ಉಳಿಯದಂತೆ ನೋಡಿಕೊಳ್ಳುವವರು ಯಾರಾದರೂ ಇರಲೇಬೇಕು. ನಮ್ಮ ಹಳೆಯ ಕೆರೆಗಳ ಕೆಳಗೆ ಆ ಕೆಲಸವನ್ನು ನೀರುಗಂಟಿ ಮಾಡುತ್ತಿದ್ದ. ತೂಬನ್ನು ಎತ್ತುವ ಅಧಿಕಾರ ಅವನದಾಗಿದ್ದಂತೆಯೇ ಕಟ್ಟಕಡೆಯ ಗದ್ದೆಯ ಬದುವಿನವರೆಗೆ ನಡೆದು ನೀರು ಬಂದಿತೇ ಎಂದು ನೋಡುವ ಹೊಣೆಯೂ ಅವನದಾಗಿತ್ತು. ದೆಹಲಿಯ ವ್ಯವಸ್ಥೆಯಲ್ಲಿ ಅಧಿಕಾರದ ಭಾಗವು ಸಾಕಷ್ಟು ಚೆನ್ನಾಗಿ ಬೆಳೆದಿದೆ. ಬದುವಿನವರೆಗಿನ ನಡಿಗೆ ಇನ್ನೂ ಬೆಳೆದಿಲ್ಲವೆಂಬುದೇ ನನ್ನ ಅಳಲು.

ಆ ನಡಿಗೆ ತಪ್ಪಿದರೆ ಏನಾಗುವುದೆಂಬುದಕ್ಕೆ ದೂರದ ದೃಷ್ಟಾಂತ ಬೇಕಿಲ್ಲ. ನಾಗರಹೊಳೆಯ ಕಥೆಯೇ ಸಾಕು. ವಿಶ್ವ ಬ್ಯಾಂಕಿನ ಅಂಗವಾದ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘದ 2 ಕೋಟಿ 80 ಲಕ್ಷ ಡಾಲರು ಸಾಲ ಮತ್ತು ಜಾಗತಿಕ ಪರಿಸರ ಸೌಲಭ್ಯದ 2 ಕೋಟಿ ಡಾಲರು ಅನುದಾನ ಕೂಡಿ 1996ರಲ್ಲಿ ಒಪ್ಪಿಗೆ ಪಡೆದ ಭಾರತ ಪರಿಸರಾಭಿವೃದ್ಧಿ ಯೋಜನೆಯು ದೇಶದ ಏಳು ಅರಣ್ಯಗಳನ್ನು ಆರಿಸಿಕೊಂಡಿತು. ಕರ್ನಾಟಕದ ನಾಗರಹೊಳೆಯೂ ಕೇರಳದ ಪೆರಿಯಾರೂ ಅವುಗಳಲ್ಲಿದ್ದವು. ಕಾಡಿನ ಅಂಚಿನ ಜನಕ್ಕೆ ಬೇರೆ ಜೀವನೋಪಾಯವನ್ನು ಒದಗಿಸಿದರೆ ಕಾಡಿನ ಮೇಲಿನ ಭಾರ ಇಳಿಯುವುದೆಂಬುದು ಅದರ ತರ್ಕ. ನಾಗರಹೊಳೆಯಲ್ಲಿ ಜನ ಕಾಡಿನ ಅಂಚಿನಲ್ಲಿ ಮಾತ್ರವೇ ಇದ್ದುದಲ್ಲ. ಜೇನುಕುರುಬರು, ಬೆಟ್ಟಕುರುಬರು, ಎರವರು ಕಾಡಿನ ಒಳಗಣ ಹಾಡಿಗಳಲ್ಲಿಯೇ ಇದ್ದರು. ಅವರ ಪಾಲಿಗೆ ಕಾಡು ಮನೆಯೂ ದೇವರ ನೆಲೆಯೂ ಆಗಿದ್ದಿತು. ತಮ್ಮನ್ನು ಮುಂಚಿತವಾಗಿ ಕೇಳಲಿಲ್ಲ, ತಮಗೆ ಬೇಕಾದುದು ಕಾಡಿನೊಳಗೆ ಬಾಳುವ ಹಕ್ಕು ಎಂದು ಅವರ ಹಕ್ಕುಸ್ಥಾಪನಾ ಸಮಿತಿಯು 1998ರಲ್ಲಿ ವಿಶ್ವ ಬ್ಯಾಂಕಿನ ಪರಿವೀಕ್ಷಣಾ ಮಂಡಳಿಗೇ ದೂರು ಸಲ್ಲಿಸಿತು. ಹಾಡಿಯೊಂದರ ಮಾತು ತಾಲ್ಲೂಕು ಕಚೇರಿಯನ್ನು ದಾಟುವುದೇ ದುಸ್ತರವಾಗಿದ್ದ ಕಾಲದಲ್ಲಿ ಅದು ವಾಷಿಂಗ್ಟನ್ನಿನವರೆಗೆ ಹೋದುದು ಸಾಮಾನ್ಯ ಸಂಗತಿಯಲ್ಲ.

ಮಂಡಳಿಯು ಆ ದೂರನ್ನು ತಳ್ಳಿಹಾಕಲಿಲ್ಲ. ನಾಗರಹೊಳೆಯ ಮಟ್ಟಿಗೆ ಯೋಜನೆಯ ಮೂಲ ಕಲ್ಪನೆಗಳಲ್ಲಿಯೇ ದೋಷವಿದೆ, ಜನಕ್ಕೆ ಗಂಭೀರವಾದ ಹಾನಿ ತಟ್ಟುವ ಸಂಭವವಿದೆ ಎಂದು ಅಭಿಪ್ರಾಯಪಟ್ಟು ಪೂರ್ಣ ತನಿಖೆಗೆ ಶಿಫಾರಸು ಮಾಡಿತು. ಬ್ಯಾಂಕಿನ ನಿರ್ದೇಶಕರು ತನಿಖೆಗೆ ಒಪ್ಪದೆ, ಸರಕಾರದೊಡನೆ ಕೂಡಿ ಲೋಪಗಳನ್ನು ಸರಿಪಡಿಸುವಂತೆ ಆಡಳಿತವರ್ಗಕ್ಕೆ ಹೇಳಿ ಸುಮ್ಮನಾದರು. ಪೆರಿಯಾರಿನಲ್ಲಿ ಇದೇ ಹಣ, ಇದೇ ದೆಹಲಿಯ ಕಡತ, ಇದೇ ನಿಯಮಾವಳಿ ಬೇರೊಂದು ಫಲವನ್ನು ಕೊಟ್ಟಿತು: ಕಾಡಿನಿಂದ ದಾಲ್ಚಿನ್ನಿ ತೊಗಟೆಯನ್ನು ಕದ್ದು ಸಾಗಿಸುತ್ತಿದ್ದವರೊಡನೆ ಅರಣ್ಯಾಧಿಕಾರಿಗಳು ಕುಳಿತು ಮಾತನಾಡಿ, ಅವರ ಸಮಿತಿಯನ್ನು ಕಟ್ಟಿ, ಅವರನ್ನೇ ಪ್ರವಾಸಿಗಳ ಮಾರ್ಗದರ್ಶಕರನ್ನಾಗಿಯೂ ಕಾಡಿನ ಕಾವಲುಗಾರರನ್ನಾಗಿಯೂ ಮಾಡಿದರು, ಯೋಜನೆ 2004ರಲ್ಲಿ ಮುಗಿದ ಮೇಲೂ ಆ ಸಮಿತಿಗಳು ಬಾಳಿದವು. ಸನ್ನಿವೇಶಗಳು ಬೇರೆಬೇರೆಯಾಗಿದ್ದುವೆಂಬುದು ನಿಜ, ಮತ್ತು ಪೆರಿಯಾರಿನಲ್ಲಿ ಎಲ್ಲವೂ ಸುಗಮವಾಯಿತೆಂದು ನಾನು ಹೇಳಲಾರೆ. ಆದರೂ ಒಂದೆಡೆ ಮಾತುಕತೆ ಹಣಕ್ಕಿಂತ ಮುಂದೆ ನಡೆಯಿತು, ಇನ್ನೊಂದೆಡೆ ಹಣದ ಹಿಂದೆ ಏದುಸಿರು ಬಿಡುತ್ತ ಬಂದಿತು ಎಂಬ ವ್ಯತ್ಯಾಸವನ್ನು ಕಾಣದಿರುವುದು ಹೇಗೆ?

ಅನುದಾನದ ಮಾತು ಹೀಗಾದರೆ ಸಾಲದ ಮಾತು ಇನ್ನೂ ಸೂಕ್ಷ್ಮವಾದುದು. ಕರ್ನಾಟಕವು 2005ರಿಂದ ಸುಸ್ಥಿರ ಅರಣ್ಯ ನಿರ್ವಹಣೆಯ ಯೋಜನೆಗೂ, ತಮಿಳುನಾಡು 2011ರಿಂದ ಜೀವವೈವಿಧ್ಯ ಸಂರಕ್ಷಣೆ ಮತ್ತು ಹಸಿರೀಕರಣದ ಯೋಜನೆಗೂ ಜಪಾನಿನಿಂದ ಸಾಲ ಪಡೆದವು. ಇಂಥ ಸಾಲವನ್ನು ಪಡೆಯುವುದು ಭಾರತ ಸರಕಾರ. ಅದನ್ನು ಅದೇ ಷರತ್ತುಗಳ ಮೇಲೆ ರಾಜ್ಯಕ್ಕೆ ದಾಟಿಸುವ ಕ್ರಮ, ಹನ್ನೆರಡನೆಯ ಹಣಕಾಸು ಆಯೋಗದ ಶಿಫಾರಸಿನಂತೆ, 2005ರಿಂದ ಜಾರಿಗೆ ಬಂದಿದೆ. ಅಂದರೆ ಯೆನ್ನಿನ ಬೆಲೆ ಏರಿದರೆ ಅದರ ಭಾರ ರಾಜ್ಯದ ಬೊಕ್ಕಸಕ್ಕೆ, ಎಂದರೆ ಮಾವನಲ್ಲದ ಕೂಲಿಯವನೂ ತೆರುವ ತೆರಿಗೆಗೆ. ಮೋಯಾರಿನ ಈ ದಡದ ಕೆಲಸಕ್ಕೆ ಚೆನ್ನೈಯಲ್ಲಿ ಒಂದು ಯೋಜನೆ, ಆ ದಡಕ್ಕೆ ಬೆಂಗಳೂರಿನಲ್ಲಿ ಇನ್ನೊಂದು, ಪಶ್ಚಿಮದ ವಯನಾಡಿಗೆ ತಿರುವನಂತಪುರದಲ್ಲಿ ಮತ್ತೊಂದು. ಲಂಟಾನವೆಂಬ ಕಳೆಯ ಬೀಜವನ್ನು ಹೊತ್ತೊಯ್ಯುವ ಹಕ್ಕಿಗೆ ಈ ವಿಂಗಡಣೆ ಗೊತ್ತಿಲ್ಲ. ಒಂದು ದಡದಲ್ಲಿ ಕಳೆ ಕಿತ್ತು ಇನ್ನೊಂದು ದಡದಲ್ಲಿ ಬಿಟ್ಟರೆ ಕಿತ್ತುದೂ ವ್ಯರ್ಥ. ಮೂರು ರಾಜ್ಯಗಳ ಜೀವಗೋಲವೆಂದು ಹೆಸರಿಟ್ಟ ಮೇಲೆ ಮೂರರ ಯೋಜನೆಗಳನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡುವ ಹೊಣೆ ಕೇಂದ್ರದ್ದು.

ದೊಡ್ಡ ಹಣದ ಪಕ್ಕದಲ್ಲಿ ಸಣ್ಣ ಹಣದ ದಾರಿಯೂ ಒಂದುಂಟು, ಮತ್ತು ಹಲವು ವೇಳೆ ಹಾಡಿಯ ಬಾಗಿಲನ್ನು ಮೊದಲು ತಟ್ಟುವುದು ಅದೇ. ಫ್ರಾನ್ಸ್, ಜಪಾನ್, ವಿಶ್ವ ಬ್ಯಾಂಕ್, ಜಾಗತಿಕ ಪರಿಸರ ಸೌಲಭ್ಯ ಮೊದಲಾದವರ ಹಣದಿಂದ ನಡೆಯುವ ಅಂತಾರಾಷ್ಟ್ರೀಯ ನಿಧಿಯೊಂದು 2008ರಿಂದ 2015ರವರೆಗೆ ಪಶ್ಚಿಮಘಟ್ಟಗಳಲ್ಲಿ ಅನುದಾನಗಳನ್ನು ಹಂಚಿದಾಗ, ಅದರ ಪ್ರಾದೇಶಿಕ ಸಮನ್ವಯವನ್ನು ವಹಿಸಿಕೊಂಡುದು ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ. ಘಟ್ಟದ ಭಾಷೆಗಳನ್ನೂ ಕಾಡನ್ನೂ ಬಲ್ಲವರು ಅರ್ಜಿಗಳನ್ನು ತೂಗುವುದರಿಂದ ಆಗುವ ಪ್ರಯೋಜನ ಸಾಮಾನ್ಯವಾದುದಲ್ಲ. ಸಣ್ಣ ಸಂಘಗಳಿಗೂ ಸಣ್ಣ ಸಂಶೋಧಕರಿಗೂ ಅದು ಎಟುಕುವ ಬಾಗಿಲು. ಆದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ, ಹೊರದೇಶದ ದೇಣಿಗೆ ಪಡೆದ ಒಂದು ಸಂಸ್ಥೆ ಅದರ ಭಾಗವನ್ನು ಇನ್ನೊಂದಕ್ಕೆ ದಾಟಿಸುವುದು ನಿಷಿದ್ಧವಾಗಿದೆ; ಹಣವೆಲ್ಲ ಮೊದಲು ದೆಹಲಿಯಲ್ಲಿರುವ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು; ಆಡಳಿತ ವೆಚ್ಚ ನೂರಕ್ಕೆ 20ನ್ನು ಮೀರಬಾರದು. ವಿಶ್ವಸಂಸ್ಥೆಯ ಅಂಗಗಳಿಂದಲೂ ವಿಶ್ವ ಬ್ಯಾಂಕಿನಿಂದಲೂ ಬರುವ ಹಣಕ್ಕೆ ಈ ಕಾಯ್ದೆ ತಾಗುವುದಿಲ್ಲ. ಲೆಕ್ಕದ ಶುದ್ಧಿಗೆ ಕಟ್ಟಳೆ ಬೇಕು, ಅದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಲಾರದ, ಲೆಕ್ಕಪರಿಶೋಧಕನನ್ನು ಇಟ್ಟುಕೊಳ್ಳಲಾರದ ಇರುಳರ ಮಹಿಳಾ ಸಂಘವೊಂದಕ್ಕೆ ಹಿರಿಯ ಸಂಸ್ಥೆಯ ಆಸರೆಯೇ ಇದ್ದೊಂದು ಏಣಿಯಾಗಿತ್ತು. ಏಣಿಯನ್ನು ತೆಗೆದವರು ಬೇರೊಂದು ಮೆಟ್ಟಿಲನ್ನು ಕಟ್ಟಿಕೊಡಬೇಕಾದುದು ಕರ್ತವ್ಯ.

ಈ ನೆಲದ ಜನ ಕೈಚಾಚಿ ನಿಂತವರೆಂದು ಮಾತ್ರ ಯಾರೂ ತಿಳಿಯಬಾರದು. ಇದೇ ಕಾಡನ್ನು ನುಂಗುತ್ತಿರುವ ಲಂಟಾನದ ಕಡ್ಡಿಗಳಿಂದ ನೀಲಗಿರಿಯ ಆದಿವಾಸಿ ಕುಶಲಿಗಳು ಹೆಣೆದ ಆನೆಯಳತೆಯ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಅವುಗಳ ಮಾರಾಟದ ಉದ್ದೇಶ ವನ್ಯಜೀವಿಗಳೊಡನೆ ಕೂಡಿ ಬಾಳುವ ಜನರ ನೆರವಿಗೆ ಹಣ ಕೂಡಿಸುವುದಾಗಿತ್ತು.

ಅರಣ್ಯ ಹಕ್ಕುಗಳ ಕಾಯ್ದೆ 2006ರಲ್ಲಿಯೇ ಕಾಡನ್ನೂ ವನ್ಯಜೀವಿಗಳನ್ನೂ ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಮದ್ರಾಸ್ ಹೈಕೋರ್ಟಿನ 2008ರ ಮಧ್ಯಂತರ ಆದೇಶದಿಂದ ತಮಿಳುನಾಡಿನಲ್ಲಿ ಹಕ್ಕುಪತ್ರಗಳ ವಿತರಣೆ ತಡೆದು ನಿಂತುದರಿಂದ ನೀಲಗಿರಿಯ ಆದಿವಾಸಿಗಳಿಗೆ ಆ ಕಾಯ್ದೆಯ ಫಲ 2016ರ ತರುವಾಯ, ತಡವಾಗಿ ದೊರೆಯತೊಡಗಿತು. ಇನ್ನಾದರೂ ಪರದೇಶದ ಹಣದ ಪ್ರಶ್ನೆಯನ್ನು ಆ ಸಭೆಯ ಮುಂದಿಡಬಾರದೇಕೆ? ಈ ಸೀಮೆಗೆ ಬರತಕ್ಕ ಪ್ರತಿಯೊಂದು ಯೋಜನೆಯ ಸಾರಾಂಶವನ್ನು, ಹಣ ಯಾರದು, ಸಾಲವೋ ಅನುದಾನವೋ, ಕಾಡಿನ ಯಾವ ಭಾಗಕ್ಕೆ ಸಲ್ಲುವುದು, ಯಾರ ಮೇಯುವ ನೆಲಕ್ಕೂ ಜೇನಿನ ಮರಕ್ಕೂ ತಾಗುವುದು ಎಂಬಷ್ಟನ್ನು ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಬರೆದು, ಜಿಲ್ಲಾಧಿಕಾರಿಗಳ ಮೂಲಕ ಸಭೆಗೆ ಓದಿಸಿ, ಸಭೆಯ ಮಾತನ್ನು ದೆಹಲಿಯ ಕಡತಕ್ಕೆ ಸೇರಿಸಬೇಕೆಂದು ನಾನು ಕೇಳುತ್ತೇನೆ. ಇದರಿಂದ ಕಾಲಹರಣವಾದೀತೆಂಬ ಆಕ್ಷೇಪಕ್ಕೆ ಆಧಾರವಿಲ್ಲ. ಜಾಗತಿಕ ಪರಿಸರ ಸೌಲಭ್ಯದ ನಿಯಮದಂತೆಯೇ, ದೊಡ್ಡ ಯೋಜನೆಯೊಂದರ ಪರಿಕಲ್ಪನೆಗೆ ಒಪ್ಪಿಗೆ ದೊರೆತ ಮೇಲೆ ಅದರ ವಿವರಗಳನ್ನು ಸಿದ್ಧಪಡಿಸಲು 18 ತಿಂಗಳ ಅವಕಾಶವಿದೆ. ತಮಿಳುನಾಡಿನಲ್ಲಿ ಗ್ರಾಮಸಭೆಯು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ತಪ್ಪದೆ ಸೇರುವ ವಾಡಿಕೆಯಿರುವುದರಿಂದ, ಅಷ್ಟು ಕಾಲದಲ್ಲಿ ಮಸಿನಗುಡಿ ಪಂಚಾಯಿತಿಯ ಜನ ಐದು ಬಾರಿಗೆ ಕಡಮೆಯಿಲ್ಲದೆ ಒಂದೆಡೆ ಕೂಡಿರುತ್ತಾರೆ.